ಕೋಚ್ ಸಾರ್ ಕಟ್ಟಿದ ಬಸ್ಸು

ಗೆದ್ದವರ ಹಿಂದೆ ಯಾರೋ ಒಬ್ಬರು ಇದ್ದೇ ಇರುತ್ತಾರೆ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಈಜಿನಲ್ಲಿ ಆ ಒಬ್ಬ ಟವೆಲು ಹಿಡಿದು ನಿಂತಿರುತ್ತಾನೆ. ಕಾಲೇಜಿನ ಈಜು ತಂಡವನ್ನು ವರ್ಷಗಟ್ಟಲೆ ತಿದ್ದಿದವನು ನಾನು. ನನ್ನ ಹುಡುಗರು ಗೆದ್ದಾಗಲೆಲ್ಲ ಪತ್ರಿಕೆಯಲ್ಲಿ ಫೋಟೋ ಬಂದಿದೆ. ಪ್ರತಿ ಫೋಟೋದಲ್ಲೂ ನಾನಿದ್ದೇನೆ, ಮೊಣಕೈವರೆಗೆ. ಉಳಿದ ನನ್ನನ್ನು ಕತ್ತರಿಸಿದವರ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ದಿನವಿಡೀ ಗಂಟಲು ಹರಿಯುವಂತೆ ಕೂಗುವುದು ಕೂಡ ಕಿವಿಯನ್ನು ನೀರೊಳಗೆ ಇಟ್ಟುಕೊಂಡವರಿಗೆ. ನನ್ನ ಮಾತು ಕೇಳಿಸದೆ ಇರುವುದರಿಂದಲೇ ಅವರು ಗೆಲ್ಲುತ್ತಾರೇನೋ ಎಂಬ ಅನುಮಾನವೂ ನನಗಿದೆ.

ಆಗ ನಾನು ಮಾದನಾಯಕನಹಳ್ಳಿಯಲ್ಲಿ ಗಿರಿಜಮ್ಮ ಎಂಬುವರ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಒಂಟಿ ಮನುಷ್ಯ. ದಾವಣಗೆರೆ ಕಡೆ ನೋಡಿದ ಹೆಣ್ಣಿನ ತಂದೆ, "ಈಜು ಕಲಸಾಕೂ ಪಗಾರ ಕೊಡ್ತಾರೇನು? ನಮ್ಮ ಕಡೆ ಬಾವಿಗೆ ದೂಡ್ತೀವಿ, ತಾನೇ ಕಲೀತಾವ," ಎಂದು ಉಪ್ಪಿಟ್ಟು ತಿನ್ನಿಸಿ ಕಳಿಸಿದ್ದರು. ಆಮೇಲೆ ನನ್ನ ಕೆಲಸವನ್ನು ವಿವರಿಸುವ ಧೈರ್ಯ ಕಡಿಮೆಯಾಯಿತು. ಗಿರಿಜಮ್ಮ "ಏನ್ ಕೆಲ್ಸ ಸಾರ್?" ಎಂದಾಗ ಚುಟುಕಾಗಿ "ಕೋಚ್" ಎಂದುಬಿಟ್ಟೆ.

ಸುತ್ತಮುತ್ತಲೆಲ್ಲ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡುಗಳು. ಅಲ್ಲಿ ಬಸ್ಸಿಗೇ ಕೋಚ್ ಅನ್ನುವುದು. "ಓಹೋ, ಕೋಚ್ ಕಟ್ಟೋದಾ! ಒಳ್ಳೆ ಕೆಲ್ಸ ಬಿಡಿ," ಎಂದು ಲೋಟ ತುಂಬ ಕಾಫಿ ಕೊಟ್ಟರು. ಆ ಊರಿಗೆ ಬಂದಮೇಲೆ ನನಗೆಂದೇ ಯಾರೋ ಕಾಯಿಸಿದ ಮೊದಲ ಕಾಫಿ ಅದು. ತಿದ್ದಲು ಬಾಯಿ ಬರಲಿಲ್ಲ.

ಆ ಕೋಣೆಗೆ ಬಂದ ಮೂರನೆಯ ವರ್ಷ ನಮ್ಮ ತಂಡಕ್ಕೆ ಅಂತರ ಕಾಲೇಜು ಕಪ್ಪು ಬಂತು. ಹುಡುಗರು ಪ್ರಿನ್ಸಿಪಾಲರ ಜೊತೆ ಫೋಟೋ ತೆಗೆಸಿಕೊಂಡು ಅವರವರ ಮನೆಗೆ ಹೋದರು. ಗೆದ್ವಿ ಅಂತ ಒಬ್ಬರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ ಅನ್ನಿಸಿತು. ಒಂದು ದಿನದ ಮಟ್ಟಿಗೆ ಕಪ್ಪನ್ನು ಕೇಳಿ ಪಡೆದು, ಬಗಲ ಚೀಲದಲ್ಲಿಟ್ಟುಕೊಂಡು, ಇವತ್ತು ಗಿರಿಜಮ್ಮನವರಿಗೆ ನಿಜ ಹೇಳಿಯೇ ಬಿಡುವುದು ಎಂದು ಹೊರಟೆ.

ನಮ್ಮ ಬೀದಿ ತಿರುವಿನಲ್ಲಿ ಜನವೋ ಜನ. ಬಡಾವಣೆಗೆ ಅವತ್ತೇ ಮೊದಲ ಸಿಟಿ ಬಸ್ಸು ಬಂದಿತ್ತು, ಬಾಳೆಕಂದು ಕಟ್ಟಿಸಿಕೊಂಡು.

"ಬಂದ್ರು ನೋಡ್ರೀ! ನಮ್ ಸಾರೇ ಕಟ್ಟಿರೋ ಬಸ್ಸು!" ಎಂದು ಗಿರಿಜಮ್ಮ ನನ್ನನ್ನು ಮುಂದಕ್ಕೆಳೆದರು.

"ಗಿರಿಜಮ್ಮನೋರೇ, ನಾನು ಬಸ್ ಕಟ್ಟಲ್ಲ. ಈಜು ಕಲಿಸ್ತೀನಿ. ಇವತ್ತು ಗೆದ್ವಿ."

ಡ್ರೈವರು ಅದೇ ಹೊತ್ತಿಗೆ ಹಾರನ್ ಒತ್ತಿದ. ಇಲ್ಲಿ ಯಾರ ಕಿವಿಯೂ ನೀರಿನಲ್ಲಿರಲಿಲ್ಲ, ಆದರೂ ಒಬ್ಬರಿಗೂ ಕೇಳಿಸಲಿಲ್ಲ. "ನಾಚ್ಕೊಂತಾರೆ ಪಾಪ," ಎನ್ನುತ್ತ ಗಿರಿಜಮ್ಮ ನನ್ನ ಕೊರಳಿಗೆ ಹಾರ ಹಾಕಿ, ಕೈಗೆ ತೆಂಗಿನಕಾಯಿ ಕೊಟ್ಟರು. ಒಡೆದೆ. ಒಂದೇ ಏಟಿಗೆ ಎರಡು ಹೋಳಾಯಿತು. ಬೀದಿಗೆ ಬೀದಿಯೇ ಚಪ್ಪಾಳೆ ಹೊಡೆಯಿತು. ನನ್ನ ಮುಖ ನೋಡಿ ಜನ ಚಪ್ಪಾಳೆ ಹೊಡೆದದ್ದು ಅದೇ ಮೊದಲು, ಮತ್ತು ನಾಚಿಕೆಬಿಟ್ಟು ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು. ಸುಳ್ಳಿನ ಚಪ್ಪಾಳೆಯ ಸದ್ದೂ ನಿಜದ್ದರ ಹಾಗೇ ಇರುತ್ತದೆ.

ಮೆಟ್ಟಿಲು ಹತ್ತುವಾಗ ಗಿರಿಜಮ್ಮ ಚೀಲದೊಳಗೆ ಇಣುಕಿದರು. "ಕಪ್ಪು! ಬಸ್ಸಿಗೇ ಕೊಟ್ರಾ ಸಾರ್?"

"ಹೂಂ," ಎಂದೆ.

ಬೀದಿಯವರು ಅವತ್ತು ತೆಗೆಸಿದ ಫೋಟೋ ಈಗಲೂ ನನ್ನ ಗೋಡೆಯ ಮೇಲಿದೆ. ಬಸ್ಸಿನ ಮುಂದೆ ಹಾರ ಹಾಕಿಕೊಂಡು, ನೆತ್ತಿಯಿಂದ ಚಪ್ಪಲಿಯವರೆಗೆ, ಪೂರ್ತಿ ನಾನೇ ನಿಂತಿದ್ದೇನೆ. ಕತ್ತರಿಸಿಹೋಗಿರುವುದು ಬಗಲಿನ ಚೀಲ ಮಾತ್ರ.