ಒನೊರಾ ಅಣ್ಣನ ಕಣ್ಣೂ ಬಂದರು ಬೀದಿಯ ತಡೆಬೇಲಿಯೂ

ಮೊನಾಕೊ ಬಂದರು ಬೀದಿಯ ಎರಡೂ ಮಗ್ಗುಲಲ್ಲಿ ಬಿಜಯಂಗೈದಿರುವ ಕಬ್ಬಿಣದ ತಡೆಬೇಲಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಮೂರನೆಯ ಮಹಡಿಯ ಬಾಲ್ಕನಿಯಿಂದ ಹಾರ್ತಾನ್ಸ್ ಗಾಸ್ತೊ ಎಂಬ ಮುದುಕಿ ಮಾಡುವ ನಮಸ್ಕಾರಗಳು. ಪ್ರತಿ ವಸಂತದಲ್ಲೂ ಕಾರು ರೇಸಿಗೆಂದು ತಾವು ಬಂದು ನಮ್ಮ ಬೀದಿಯಲ್ಲಿ ಬಿಡಾರ ಹೂಡುವುದೂ, ಎದುರಿನ ಬೇಕರಿಯಿಂದ ಒಂದು ಬ್ರೆಡ್ ತರಲು ನಾನು ಮೆಟ್ಟಿಲ ಸೇತುವೆ ಹತ್ತಿ ಇಳಿಯುವುದೂ ಅಭ್ಯಾಸವಾಗಿಹೋಗಿದೆ. ಅದರ ಬಗ್ಗೆ ದೂರಿಲ್ಲ, ನನ್ನ ಮೊಣಕಾಲಿಗೆ ವ್ಯಾಯಾಮ ಮಾಡಿಸಿದ್ದಕ್ಕೆ ಋಣಿಯಾಗಿದ್ದೇನೆ. ನನ್ನ ದೂರು ತಮ್ಮ ಅತಿಯಾದ ಕರ್ತವ್ಯನಿಷ್ಠೆಯ ಬಗ್ಗೆ.

ಭಾನುವಾರದ ರೇಸಿನಲ್ಲಿ ಹಿಂದಿನ ಕಾರು ಎಷ್ಟೇ ಚುರುಕಾಗಿರಲಿ, ಮುಂದಿನದನ್ನು ಹಿಂದಿಕ್ಕಲು ತಾವು ಒಂದಂಗುಲ ಜಾಗ ಬಿಟ್ಟುಕೊಟ್ಟವರಲ್ಲ. ಕಾರುಗಳೋ ವರ್ಷದಿಂದ ವರ್ಷಕ್ಕೆ ಮೈ ಬೆಳೆಸಿಕೊಂಡು ಬರುತ್ತವೆ, ಬೀದಿ ಮಾತ್ರ ನಮ್ಮಜ್ಜಿ ಕತ್ತೆಗಾಡಿಯಲ್ಲಿ ನಿಂಬೆಹಣ್ಣು ಸಾಗಿಸುತ್ತಿದ್ದ ಕಾಲದಷ್ಟೇ ಅಗಲವಿದೆ. ಹೀಗಾಗಿ ರೇಸಿನ ಸಾಲು ಗೊತ್ತುಮಾಡಲು ಶನಿವಾರ ಗಡಿಯಾರ ಹಿಡಿದು ಓಡಿಸುವಾಗ ಯಾರು ಮೊದಲಿಗನೋ, ಭಾನುವಾರವೂ ಹೆಚ್ಚುಕಡಿಮೆ ಅವನೇ ಮೊದಲಿಗ. ಮುಂದಿರುವವನು ಬೇಕೆಂದೇ ನಿಧಾನಿಸಿದರೂ ಹಿಂದಿನವರು ಒಬ್ಬರ ಹಿಂದೊಬ್ಬರು ತಾಳ್ಮೆಯಿಂದ ಬರುತ್ತಾರೆ. ಇಂಥ ಶಿಸ್ತನ್ನು ನಮ್ಮ ಮೀನಿನಂಗಡಿಯ ಸಾಲಿನಲ್ಲಿ ನಾನು ಈ ಜನ್ಮದಲ್ಲಿ ಕಂಡಿಲ್ಲ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ನನ್ನ ಜೊತೆಗಿರುವ ಅಣ್ಣ ಒನೊರಾ, ಇದೇ ಬೀದಿಗಳಲ್ಲಿ ಊರ ಬಸ್ಸು ಓಡಿಸಿ ನಿವೃತ್ತನಾದವನು. ಈ ರೇಸುಗಾರರೆಲ್ಲ ಸೇರಿ ಹಿಂದಿಕ್ಕಿದ್ದಕ್ಕಿಂತ ಹೆಚ್ಚು ಗಾಡಿಗಳನ್ನು ತಾನೊಬ್ಬನೇ ಹಿಂದಿಕ್ಕಿದ್ದೇನೆ, ಅದೂ ಟಿಕೆಟ್ ಕೊಡುತ್ತ, ಎಂಬುದು ಅವನ ಹೆಚ್ಚುಗಾರಿಕೆ. ಅವನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಸೂಪಿಗೆ ಉಪ್ಪೆಂದು ಸಕ್ಕರೆ ಸುರಿದುಕೊಂಡು, ಹಟಕ್ಕೆ ಬಿದ್ದು, ರುಚಿಯಾಗಿದೆ ಎಂದು ಕುಡಿಯುತ್ತಾನೆ. ಮೊನ್ನೆ ಮೆಟ್ಟಿಲಲ್ಲಿ ಮುಗ್ಗರಿಸಿ ಹಣೆ ಒಡೆದುಕೊಂಡ. ಆಪರೇಷನ್ ಇನ್ನು ತಡಮಾಡಬಾರದೆಂದು ಡಾಕ್ಟರು ಹೇಳಿದ್ದಾರೆ, ಅವನೋ ತನ್ನ ಕಣ್ಣು ಹದ್ದಿನ ಕಣ್ಣು ಎನ್ನುತ್ತಾನೆ. ನನಗೆ ಹೆದರಿಕೆಯಾಗುತ್ತದೆ. ಈ ಮನೆಯಲ್ಲಿ ನಾವಿಬ್ಬರೇ.

ಜಗಳವಾಡಿ ಸಾಕಾಗಿ ಕಡೆಗೊಂದು ಒಪ್ಪಂದಕ್ಕೆ ಬಂದೆವು. ಭಾನುವಾರ ಬಾಲ್ಕನಿಯಲ್ಲಿ ಕೂತು, ಕೆಳಗೆ ಹಾದುಹೋಗುವ ಕಾರುಗಳನ್ನು ಅವನು ಹೆಸರು ಹಿಡಿದು ಹೇಳಬೇಕು; ಒಂದು ತಪ್ಪಿದರೂ ಆಸ್ಪತ್ರೆಗೆ ಬರಬೇಕು. ಮಾನ್ಯರೇ, ಆ ಕಳ್ಳ ಶನಿವಾರವೇ ರೇಡಿಯೋ ಕೇಳಿ ಸಾಲನ್ನು ಬಾಯಿಪಾಠ ಮಾಡಿದ್ದ. ಸೊಪ್ಪು ತುಂಬಿ ಕರಿದ ಬಿಸಿ ಬಾರ್ಬಾಜುವಾನ್ ಮೆಲ್ಲುತ್ತ, ಬೀದಿಯ ಕಡೆ ಮುಖ ಕೂಡ ತಿರುಗಿಸದೆ, ಸುತ್ತಿನ ಮೇಲೆ ಸುತ್ತು ಅದೇ ಹೆಸರುಗಳನ್ನು ಅದೇ ಕ್ರಮದಲ್ಲಿ ಒಪ್ಪಿಸಿದ. ಯಾರಾದರೊಬ್ಬ ಇನ್ನೊಬ್ಬನನ್ನು ಹಿಂದಿಕ್ಕಲೆಂದು ನಾನು ನಮ್ಮೂರು ಕಾಯುವ ಸಂತ ದೆವೋತಮ್ಮನಿಗೆ ದೊಡ್ಡ ಮೇಣದಬತ್ತಿಯ ಹರಕೆ ಹೊತ್ತೆ. ಆದರೆ ಆ ತಾಯಿಯೂ ತಮ್ಮನ್ನು ಅಲುಗಾಡಿಸಲಾರದೆ ಹೋದಳು.

ಸೋಮವಾರದ ಪತ್ರಿಕೆ ನೋಡಿದರೆ, ಕೊನೆಯಲ್ಲಿದ್ದ ಒಂದು ಕಾರು ಅರ್ಧದಲ್ಲೇ ಕೆಟ್ಟು ಸದ್ದಿಲ್ಲದೆ ಹೊರಗೆ ಹೋಗಿದೆ, ನಮ್ಮಣ್ಣ ಕಡೆಯ ಸುತ್ತಿನವರೆಗೂ ಅದನ್ನೂ ಹೆಸರು ಹಿಡಿದು ಕರೆದಿದ್ದಾನೆ. ಪತ್ರಿಕೆ ಹಿಡಿದು ಅವನ ಮುಂದೆ ನಿಂತೆ. ಅವನು ಕಾಫಿ ಕದಡುತ್ತ, "ನಾನು ಕುರುಡ ಅಂತಾನೇ ಇಟ್ಕೊ. ನಿನ್ ಕಣ್ಣು ಚೆನ್ನಾಗಿದ್ವಲ್ಲ, ನೀನ್ಯಾಕೆ ಆಗ್ಲೇ ಹೇಳ್ಲಿಲ್ಲ?" ಎಂದು ಕೇಳಿದ. ಪತ್ರಿಕೆ ಮಡಿಸಿಟ್ಟೆ, ಏಕೆಂದರೆ ಆ ಕಾರು ಹೊರಗೆ ಹೋಗುವ ಹೊತ್ತಿಗೆ ನಾನು ಗೊರಕೆ ಹೊಡೆಯುತ್ತಿದ್ದೆ.

ಆದಕಾರಣ ತಮ್ಮಲ್ಲಿ ಬಿನ್ನಹ. ಮುಂದಿನ ವರ್ಷ ನಮ್ಮ ಮನೆಯೆದುರು ಒಂದೇ ಒಂದು ಸಲ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳಿ. ಅದಾಗದಿದ್ದರೆ, ತಮ್ಮ ಮಾತನ್ನು ಎಲ್ಲರೂ ಕೇಳುವುದರಿಂದ, ಸಮುದ್ರಕ್ಕೆ ಹೇಳಿ ಆ ಒಂದು ಮಧ್ಯಾಹ್ನದ ಮಟ್ಟಿಗೆ ಅದನ್ನು ನಾಲ್ಕು ಮಾರು ಹಿಂದಕ್ಕೆ ಸರಿಸಿ. ವಿಹಾರನೌಕೆಗಳಲ್ಲಿ ರೇಸಿಗೆ ಬೆನ್ನು ಹಾಕಿ ಊಟ ಮಾಡುವ ಶ್ರೀಮಂತರು ಏನೂ ಅಂದುಕೊಳ್ಳಲಾರರು. ಅದೂ ಕಷ್ಟವೆಂದರೆ, ಹೋಗುವಾಗ ತಮ್ಮ ಬಳಗದ ಒಂದು ತುಂಡನ್ನು ನಮ್ಮ ಮೆಟ್ಟಿಲ ಬಳಿ ಬಿಟ್ಟುಹೋಗಿ. ಯಾರನ್ನೂ ಮುಂದೆ ಬಿಡದ ತಾವು ಅಣ್ಣ ಬೀಳುವುದನ್ನಾದರೂ ತಡೆದೀರಿ.

ಇಂತಿ ತಮ್ಮ ಎದುರುಮನೆಯ ವಿಶ್ವಾಸಿ,
ಹಾರ್ತಾನ್ಸ್ ಗಾಸ್ತೊ

ಮರೆತ ಮಾತು: ಇದನ್ನು ಅಣ್ಣನಿಗೆ ಓದಿ ಹೇಳಿದೆ. ತನ್ನ ಹೆಸರು ಬಂದದ್ದಕ್ಕೆ ಖುಷಿಯಾಗಿ, ತಾನೂ ರುಜು ಹಾಕುತ್ತೇನೆಂದು ಪೆನ್ನು ಕಿತ್ತುಕೊಂಡು, ದೊಡ್ಡದಾಗಿ ಬಾಲ ಎಳೆದು ಹಾಕಿದ. ಅದು ಈಗ ಕಾಗದದ ಬದಲು ಅಮ್ಮನ ಕಾಲದ ಮೇಜುಬಟ್ಟೆಯ ಮೇಲಿದೆ. ಅವನು ಬಟ್ಟೆಯ ಮೇಲೆ ಬೆರಳಾಡಿಸಿ, "ಆಸ್ಪತ್ರೆಗೆ ಯಾವತ್ತು ಹೋಗ್ಬೇಕು ಅಂದಿದ್ದೆ?" ಎಂದು ಕೇಳಿದ. ಗುರುವಾರ ಹೋಗುತ್ತಿದ್ದೇವೆ. ಇಷ್ಟು ದಿನ ನನ್ನನ್ನು ಹೆದರಿಸಿದ್ದಕ್ಕೆ ಶಿಕ್ಷೆ ಏನೆಂದೂ ಅವನಿಗೆ ತಿಳಿಸಿದ್ದೇನೆ: ಮುಂದಿನ ವರ್ಷ ಇಡೀ ರೇಸನ್ನು ಎರಡೂ ಕಣ್ಣು ಬಿಟ್ಟು ನೋಡಬೇಕು.