ದರ್ಜಿಯ ಎಡಗಾಲು, ಬಾಮೈದನ ಬಲಗೈ

ಗಿರಾಕಿಯ ಪ್ಯಾಂಟಿಗೆ ಅಳತೆ ತೆಗೆಯಲು ಕುಕ್ಕರಗಾಲಲ್ಲಿ ಕೂತಿದ್ದ ದರ್ಜಿ ಮೇಲೇಳುವಾಗ ಎಡ ಮೊಣಕಾಲು ಟಕ್ ಎಂದಿತು. ಗಿರಾಕಿ ತನ್ನ ಪ್ಯಾಂಟೇ ಹರಿಯಿತೆಂದು ಗಾಬರಿಯಿಂದ ಹಿಂದೆ ಮುಟ್ಟಿ ನೋಡಿಕೊಂಡ. ಊತವಿಲ್ಲ, ಗಾಯವಿಲ್ಲ, ಕಾಲೂರಿದರೆ ಮಾತ್ರ ಜೀವ ಹೋಗುವಷ್ಟು ನೋವು. ಮೂಳೆ ಡಾಕ್ಟರು ಎಂಆರ್‌ಐ ಮಾಡಿಸಿ ಎಂದರು. ಅದು ಸಾಲದೆಂಬಂತೆ ಬಾಮೈದ ಜೊತೆಗೆ ಹೊರಟ.

ಈ ಬಾಮೈದನಿಗೆ ಹಿಂದೊಮ್ಮೆ ಅಪೆಂಡಿಕ್ಸ್ ತೆಗೆದಿದ್ದರು. ಅದು ಖಾಲಿ ಮಾಡಿದ ಜಾಗದಲ್ಲಿ ಇಡೀ ವೈದ್ಯಶಾಸ್ತ್ರವೇ ಬಂದು ಕೂತಿತ್ತು.

"ಭಾವ, ಅಲ್ಲಿ ನೀವು ಬಾಯಿ ಬಿಡಬೇಡಿ. ಎಲ್ಲಾ ನಾನು ನೋಡ್ಕೋತೀನಿ."

ಯಂತ್ರದ ಒಳಗಿರುವುದು ಭಾರಿ ಅಯಸ್ಕಾಂತ. ದರ್ಜಿಯ ಅಂಗಿಯಿಂದ ಗುಂಡುಸೂಜಿ ಕಿತ್ತು ಕಿತ್ತು ಸೋತ ಟೆಕ್ನಿಷಿಯನ್ ಹುಡುಗಿ ಕೊನೆಗೆ ಆಸ್ಪತ್ರೆಯ ನಿಲುವಂಗಿ ಕೊಟ್ಟಳು. ಅದರ ಹೊಲಿಗೆ ನೋಡಿ ದರ್ಜಿಗೆ ಮೊಣಕಾಲಿಗಿಂತ ಹೆಚ್ಚು ನೋವಾಯಿತು.

ಕಿವಿಗೆ ಬಿರಡೆ ತುರುಕಿ ಮಲಗಿಸಿದ ಮೇಲೆ ಆಕೆ, "ಚೀಟಿಯಲ್ಲಿ ಬರೀ ಮೊಣಕಾಲು ಅಂತಿದೆ. ಯಾವ ಕಾಲು?" ಎಂದಳು. ಅವನಿಗೆ ಕೇಳಿಸಲಿಲ್ಲ. ಅವನ ಪಾದಗಳಿಗೆ ಎದುರಾಗಿ ಬಾಗಿಲಲ್ಲಿ ನಿಂತಿದ್ದ ಬಾಮೈದ ಬಲಗೈ ಚಾಚಿದ.

"ಬಲಗಾಲು! ನನ್ನ ಬಲಗೈ ನೇರಕ್ಕೇ ಇದೆಯಲ್ಲ!"

ಆಕೆ ಬಲ ಮೊಣಕಾಲಿಗೆ ಕವಚ ಬಿಗಿಯತೊಡಗಿದಳು.

"ಅಮ್ಮಾ, ಅದಲ್ಲ..."

"ಹೆದರಿಕೊಂಡಿದ್ದಾರೆ. ನೀವು ನಿಮ್ಮ ಕೆಲಸ ಮಾಡಿ," ಎಂದ ಬಾಮೈದ.

ನೂರು ಹೊಲಿಗೆ ಯಂತ್ರಗಳಿಗೆ ಒಟ್ಟಿಗೇ ಹುಚ್ಚು ಹಿಡಿದಂತೆ ಸದ್ದು ಶುರುವಾಯಿತು. ದರ್ಜಿ ಎಡಗಾಲು ಝಾಡಿಸಿದ.

"ಅಲ್ಲಾಡಬೇಡಿ! ಚಿತ್ರ ಕೆಡುತ್ತೆ!"

ತುರ್ತಿಗೆಂದು ಕೈಗೆ ಕೊಟ್ಟಿದ್ದ ಗಂಟೆಗುಂಡಿಯನ್ನು ದರ್ಜಿ ಒತ್ತಿದ. ಆಕೆ ಹೊರಗೆಳೆದಳು.

"ಎಡ! ಎಡ!" ಎಂದು ಅರಚಿದ.

"ಎಡಕ್ಕೆ ಸರೀಬೇಕಂತೆ," ಎಂದು ಬಾಮೈದ ಅನುವಾದಿಸಿದ. ಆಕೆ ದರ್ಜಿಯನ್ನು ಎಡಕ್ಕೆ ಸರಿಸಿ, ದಿಂಬು ಕೊಟ್ಟು, ಮತ್ತೆ ಒಳಗೆ ತಳ್ಳಿದಳು. ದರ್ಜಿ ಕಣ್ಣು ಮುಚ್ಚಿ, ಹಣೆಬರಹವೆಂದು ಹೆಣದಂತೆ ಬಿದ್ದುಕೊಂಡ.

ಸಂಜೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. "ಸರಿಯಾದ ಹೊತ್ತಿಗೆ ಬಂದಿದ್ದೀರಿ. ಕೀಲಿನೊಳಗಿನ ಮೆತ್ತೆ ಹರಿದಿದೆ."

"ಡಾಕ್ಟ್ರೇ, ಅದು ಬಲಗಾಲು! ನನಗೆ ನೋವಿರೋದು ಎಡಗಾಲಲ್ಲಿ!"

ಡಾಕ್ಟರು ಫಿಲ್ಮು ನೋಡಿದರು, ದರ್ಜಿಯನ್ನು ನೋಡಿದರು, ಮತ್ತೆ ಫಿಲ್ಮು ನೋಡಿದರು. "ಹಾಗಿದ್ರೆ ಎಡಗಾಲಿಗೂ ಒಂದು ಮಾಡಿಸಿ. ಆದರೆ ಬಲಗಾಲು ನಿಜವಾಗ್ಲೂ ಹರಿದಿದೆ. ಅದನ್ನ ನೆಲಕ್ಕೂರಬೇಡಿ."

"ಎಡಗಾಲು ಊರೋಕಾಗಲ್ಲ, ಬಲಗಾಲು ಊರಬಾರದು. ನಾನು ಮನೆಗೆ ಹೋಗೋದು ಹೇಗೆ?"

ಬಾಮೈದನ ಮುಖ ಮದುಮಗನಂತೆ ಅರಳಿತ್ತು. "ನೋಡಿದ್ರಾ ಭಾವ? ನಾನು ಬಲಗಾಲು ಅಂದಿದ್ದಕ್ಕೇ ರೋಗ ಸಿಕ್ತು! ನಿಮ್ಮ ಮಾತು ಕೇಳಿದ್ದಿದ್ರೆ ಅದು ಒಳಗೇ ಕೂತಿರ್ತಿತ್ತು!"

ಫೋನಿನಲ್ಲಿ ಸುದ್ದಿ ಮೊದಲೇ ಮನೆ ಮುಟ್ಟಿತ್ತು. ಗಾಲಿಕುರ್ಚಿಯಲ್ಲಿ ಬಂದಿಳಿದ ಗಂಡನನ್ನು ದಾಟಿ ಹೋಗಿ ಹೆಂಡತಿ ತಮ್ಮನ ಬೆನ್ನು ತಟ್ಟಿದಳು. ಆಮೇಲೆ ಗಂಡನತ್ತ ತಿರುಗಿ ಹೇಳಿದಳು:

"ನಾಳೆ ಎಡಗಾಲಿಗೂ ಇವನನ್ನೇ ಕರ್ಕೊಂಡು ಹೋಗಿ. ನಿಮಗೆ ನಿಮ್ಮ ಕಾಲೇ ಯಾವುದು ಅಂತ ಗೊತ್ತಾಗಲ್ಲ."