ಮೊಳಕೆರಾಯನ ಸೊನ್ನೆ

ಕತ್ತಲೆ ಪೆಟ್ಟಿಗೆಯಿಂದ ಮೊದಲ ತಟ್ಟೆ ತೆಗೆದು, ಬೀಜಕ್ಕೆ ತಾಗದ ಮಂದ ಹಸಿರು ದೀಪದಲ್ಲಿ ಅದರ ಫಾಯಿಲ್ ಬಿಚ್ಚಿದ ಮೊಳಕೆರಾಯನ ಎದೆ ಧಸಕ್ಕೆಂದಿತು. ತಟ್ಟೆಯ ತುಂಬ ದಾರದಂಥ ಮೊಳಕೆಗಳು. ಉಳಿದ ನಾಲ್ಕರಲ್ಲೂ ಅದೇ ಕತೆ.

ಮೊಳಕೆರಾಯ ಅಂದರೆ ಹೆತ್ತವರು ಇಟ್ಟ ಹೆಸರಲ್ಲ. ಕಳೆ ಸಂಶೋಧನಾ ಕೇಂದ್ರದಲ್ಲಿ ಎಷ್ಟು ಬೀಜ ಮೊಳೆತವು ಎಂದು ಎಣಿಸುವುದೇ ಅವನ ಕೆಲಸ. ಎಲ್ಲಿಂದಲೋ ಬಂದು ಊರೂರಿನ ಹೊಲ ನುಂಗುತ್ತಿದ್ದ ಕಳೆಯೊಂದರ ಬೀಜ ಇದು. ಬೆಳಕೂ ಬಿಸುಪೂ ಸಿಕ್ಕರೆ ಮೊಳೆಯುತ್ತದೆ, ತಂಪು ಕತ್ತಲೆಯಲ್ಲಿ ಜಪ್ಪಯ್ಯ ಅಂದರೂ ಮೊಳೆಯುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಅದನ್ನು ಪರೀಕ್ಷಿಸಲು ಒಂದಷ್ಟು ಬೀಜಗಳನ್ನು ಬೆಳಕಿನ ಪೆಟ್ಟಿಗೆಯಲ್ಲೂ ಇನ್ನೂರ ಐವತ್ತನ್ನು ಹದಿನೈದು ಡಿಗ್ರಿಯ ಕತ್ತಲೆ ಪೆಟ್ಟಿಗೆಯಲ್ಲೂ ಇಟ್ಟು ಇಪ್ಪತ್ತೊಂದು ದಿನ ಕಾದಿದ್ದ. ಇವತ್ತು ಎಣಿಕೆ ಮುಗಿದರೆ ರಜೆ, ಸಂಜೆ ಆರಕ್ಕೆ ರೈಲು. ಹೆಂಡತಿ ತಾಯಿಯ ಊರಿನಲ್ಲಿದ್ದಳು. ಹುಟ್ಟಿ ನಲವತ್ತು ದಿನವಾದ ಮಗಳನ್ನು ಅವನಿನ್ನೂ ಫೋಟೊದಲ್ಲಿ ಮಾತ್ರ ನೋಡಿದ್ದ. ಪರೀಕ್ಷೆ ಕೆಟ್ಟರೆ ಮತ್ತೆ ಇಪ್ಪತ್ತೊಂದು ದಿನ ಇಲ್ಲೇ.

"ಕತ್ತಲೆ ಪೆಟ್ಟಿಗೆ ಯಾರಾದ್ರೂ ತೆಗೆದ್ರಾ?" ಎಂದು ಪಕ್ಕದ ಕೋಣೆಗೆ ಹೋಗಿ ಕೇಳಿದ.

"ನಾನ್ಯಾಕ್ರೀ ತೆಗೀಲಿ?" ಎಂದ ಸ್ಟೋರ್‌ಕೀಪರ್. "ಫ್ರಿಜ್ ಕೆಟ್ಟಿದೆ ಅಂತ ನೀರಿನ ಬಾಟ್ಲಿ ಇಟ್ಟಿದ್ದೆ ಅಷ್ಟೆ. ದಿನಾ ಮಧ್ಯಾಹ್ನ ತಗೊಂಡು ಕುಡೀತಿದ್ದೆ."

"ಬಾಗಿಲು ತೆಗೀದೆ ಹೇಗೆ ತಗೊಂಡ್ರಿ?"

"ಅದೂ ಹೌದು ಅನ್ನಿ."

ಟೈಪಿಸ್ಟ್ ಅಕ್ಕ ತಾನಾಗಿಯೇ ಬಾಯಿಬಿಟ್ಟಳು. "ಒಂದಿನ ನಾನು ಫಾಯಿಲ್ ಚೂರು ಸರಿಸಿ ನೋಡಿದ್ದೆ ಕಣಪ್ಪ. ಉಸಿರಾಡ್ತವೋ ಇಲ್ವೋ ಅಂತ ಪಾಪ ಅನಿಸ್ತು."

"ಅಕ್ಕಾ, ಒಂದು ಕ್ಷಣ ಬೆಳಕು ಬಿದ್ರೂ ಸಾಕು, ಈ ಬೀಜ ಎದ್ದು ಕೂತ್ಕೊಳ್ಳುತ್ತೆ."

"ನಮ್ಮನೆಯವರಿಗಿಂತ ವಾಸಿ," ಎಂದಳು ಅಕ್ಕ.

ದಾರಿ ತೋರಿಸಿದವನು ಸ್ಟೋರ್‌ಕೀಪರ್. ಬೇಡದ ಬುದ್ಧಿ ಹೇಳುವವರಿಗೆ ಯಾವ ಕಚೇರಿಯಲ್ಲೂ ಬರವಿಲ್ಲ. "ಎಲ್ಲಾ ಕಿತ್ತು ಬಿಸಾಕಿ. ಜಾಡಿಯಿಂದ ಅಷ್ಟೇ ಹೊಸ ಬೀಜ ತೆಗೆದಿಡಿ. ಸಂಜೆ ಕೇಂದ್ರ ಕಚೇರಿಯಿಂದ ವಿಜ್ಞಾನಿ ಮೇಡಂ ಬಂದು ಸೊನ್ನೆ ಅಂತ ಬರ್ಕೋತಾರೆ, ನೀವು ರೈಲು ಹತ್ತಿ."

ಒಂಬತ್ತು ವರ್ಷದಲ್ಲಿ ಮೊಳಕೆರಾಯ ಒಂದು ಅಂಕಿಯನ್ನೂ ತಿದ್ದಿದವನಲ್ಲ. ಅವನಿಗೆ ನಾಚಿಕೆಯಾಯಿತು. ಆದರೆ ಮಗಳನ್ನು ಎತ್ತಿಕೊಳ್ಳುವ ಆಸೆ ನಾಚಿಕೆಗಿಂತ ದೊಡ್ಡದಾಗಿತ್ತು. ತಟ್ಟೆಗಳನ್ನು ಕಿಟಕಿಯ ಪಕ್ಕದ ಮೇಜಿಗೆ ತಂದ.

ಮೂವರೂ ಕೂತು ಚಿಮಟ ಹಿಡಿದು ಮೊಳಕೆ ಕಿತ್ತು, ಆ ಜಾಗಕ್ಕೆ ಹೊಸ ಬೀಜ ಇಡತೊಡಗಿದರು. ಅಕ್ಕ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಸರಸರ ಆರಿಸಿದಳು. ನಾಲ್ಕನೆಯ ತಟ್ಟೆ ಮುಗಿಯುವಾಗ ಸ್ಟೋರ್‌ಕೀಪರ್ ಸೀನಿದ. ಬೀಜವೆಲ್ಲ ನೆಲದ ಪಾಲಾಯಿತು. ಮತ್ತೆ ಐವತ್ತು ಎಣಿಸಬೇಕಾಯಿತು. ಕಿತ್ತ ಮೊಳಕೆಗಳನ್ನು ಸ್ಟೋರ್‌ಕೀಪರ್ ಹಿತ್ತಲಿಗೆ ಒಯ್ದು ಕುದಿಯುವ ನೀರು ಸುರಿದು ಬಂದ. "ಸಾಕ್ಷಿ ಉಳಿಸಬಾರ್ದು," ಎಂದ.

ನಾಲ್ಕು ಗಂಟೆಗೆ ವಿಜ್ಞಾನಿ ಮೇಡಂ ಬಂದರು. ಭೂತಗನ್ನಡಿ ಹಿಡಿದು ಐದೂ ತಟ್ಟೆ ನೋಡಿದರು.

"ಒಂದೂ ಇಲ್ವಾ?"

"ಸೊನ್ನೆ, ಮೇಡಂ."

ಮೇಡಂ ಮುಖ ಸಪ್ಪಗಾಯಿತು. "ಇದೇ ಬೀಜಾನ ನಾನು ಕೇಂದ್ರ ಕಚೇರೀಲೂ ಹದಿನೈದು ಡಿಗ್ರಿ ಕತ್ತಲಲ್ಲಿ ಇಟ್ಟಿದ್ದೆ. ಬೀಗದ ಕೈ ನನ್ನ ಹತ್ರಾನೇ ಇತ್ತು. ಇನ್ನೂರಕ್ಕೂ ಹೆಚ್ಚು ಮೊಳೆತಿವೆ. ಈ ಕಳೆ ತಂಪಿಗೂ ಕತ್ತಲಿಗೂ ಹೊಂದಿಕೊಂಡುಬಿಟ್ಟಿದೆ. ನಿಮ್ಮಲ್ಲೂ ಮೊಳೆತಿದ್ರೆ ಇವತ್ತೇ ಕೆಲಸ ಮುಗೀತಿತ್ತು. ಈಗ ಅಲ್ಲಿ ಇನ್ನೂರು, ಇಲ್ಲಿ ಸೊನ್ನೆ. ನಾಳೆ ಮತ್ತೆ ಇಡಿ. ರಜೆ ಆಮೇಲೆ ನೋಡೋಣ."

ಮೊಳಕೆರಾಯ ಒಂದು ಹೆಜ್ಜೆ ಮುಂದೆ ಬಂದ. "ಮೇಡಂ, ಅಕಸ್ಮಾತ್ ಒಂದೆರಡು ಮೊಳೆತು, ನಮ್ಮ ಕಣ್ಣಿಗೆ ಬೀಳದೇ ಇದ್ರೆ?"

"ಒಂದೇ ಒಂದು ತೋರಿಸಿ. ಈಗಲೇ ಹೊರಡಿ ಅಂತೀನಿ."

ಅಕ್ಕ ಅವನನ್ನು ಮೆಲ್ಲನೆ ಚಿವುಟಿ ತೋಳಿನ ಕಡೆ ಕಣ್ಣು ಮಾಡಿದಳು. ಅಂಗಿಯ ತೋಳಿನ ಅಂಚಿಗೆ ಒಂದು ಮೊಳಕೆ ಅಂಟಿಕೊಂಡಿತ್ತು. ಮೊಳಕೆರಾಯ ಹಿಂದುಮುಂದು ನೋಡದೆ ಕೈ ಚಾಚಿದ. "ಮೇಡಂ, ಇಲ್ಲಿದೆ. ಕತ್ತಲೆ ಪೆಟ್ಟಿಗೇದೇ."

ಮೇಡಂ ಅದನ್ನು ಚಿಮಟದಲ್ಲಿ ಎತ್ತಿ ಕಿಟಕಿಗೆ ಹಿಡಿದರು. ಬೆಳಗಿನಿಂದ ಬಿಸಿಲಿಗೆ ಕೂತಿದ್ದ ಅದರ ಎರಡೂ ಎಲೆ ಹಸಿರಾಗಿದ್ದವು.

"ಕತ್ತಲಲ್ಲಿ ಹುಟ್ಟಿದ್ದು ಬಿಳಿಚ್ಕೊಂಡಿರುತ್ತೆ ಕಣ್ರೀ. ಇದು ಬೆಳಕಿನ ಪೆಟ್ಟಿಗೇದು," ಎಂದರು ಮೇಡಂ. "ಅಂಗಿಗೆ ಇದನ್ನ ಅಂಟಿಸ್ಕೊಂಡು ರೈಲು ಹತ್ತಿದ್ರೆ ಆ ಊರಿಗೂ ಕಳೆ ಹಬ್ಬಿಸಿ ಬರ್ತಿದ್ರಿ. ಸದ್ಯ, ನೀವು ಹೋಗದೇ ಇರೋದೇ ಒಳ್ಳೇದಾಯ್ತು."